ಒಂದಿಂಚು ಇಳಿದ ಫುಟ್‌ರೆಸ್ಟ್: ನಾನಾ ಪೇಠ್‌ನಲ್ಲಿ ಮಾಡಿಸಿದ ಕೆಲಸ

ನಿಮ್ಮದು ಉದ್ದ ಕಾಲಾಗಿದ್ದು, ರಾಯಲ್ ಎನ್‌ಫೀಲ್ಡ್‌ನ ಕಾಂಟಿನೆಂಟಲ್ ಜಿಟಿ 650 ಬೈಕ್ ಓಡಿಸುತ್ತಿದ್ದರೆ ಫುಟ್‌ರೆಸ್ಟ್ ಕೆಳಗಿಳಿಸುವ ಪ್ಲೇಟ್ ಹಾಕಿಸಿಕೊಳ್ಳಿ. ಆದರೆ ಮನೆಯಲ್ಲಿ ಎರಡು ಬೋಲ್ಟ್ ಬಿಗಿದು ಹೊರಟುಬಿಡಬೇಡಿ. ಪ್ಲೇಟಿಗಿಂತ ಅದನ್ನು ಕೂರಿಸುವ ಕೆಲಸ ದೊಡ್ಡದು. ನಾನು ಹೊಗಳಲು ಹೊರಟಿರುವುದೂ ಆ ಕೆಲಸವನ್ನೇ.

ನನ್ನ ಎತ್ತರ ಆರಡಿ. ನಾನಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ಅಮ್ಮ ಇರುವುದು ಧಾರವಾಡದಲ್ಲಿ. ನಡುವೆ ನಾನೂರು ಕಿಲೋಮೀಟರ್‌ಗಿಂತ ಜಾಸ್ತಿ ದಾರಿ. ಜಿಟಿ ನಮ್ಮಲ್ಲಿ 2018ರಲ್ಲಿ ಅದೇ ಕಂಪನಿಯ ಇಂಟರ್‌ಸೆಪ್ಟರ್ ಜೊತೆಗೇ ಬಂದ ಗಾಡಿ. ಎಂಜಿನ್ ಎರಡಕ್ಕೂ ಅದೇ 648 ಸಿಸಿ. ಕೂರುವ ರೀತಿ ಮಾತ್ರ ಬೇರೆ. ಜಿಟಿಯಲ್ಲಿ ಹ್ಯಾಂಡಲ್ ಕೆಳಗೆ, ಫುಟ್‌ರೆಸ್ಟ್ ಹಿಂದಕ್ಕೆ. ಕಾಲು ಮಡಚಿಕೊಂಡೇ ಇರಬೇಕು. ಕರಾಡ್ ಬರುವಷ್ಟರಲ್ಲಿ ಬಲ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಕೊಲ್ಹಾಪುರದಲ್ಲಿ ಚಹಾಕ್ಕೆ ಇಳಿದರೆ ಕಾಲು ನೆಟ್ಟಗಾಗಲು ಹೊತ್ತು ಬೇಕಾಗುತ್ತಿತ್ತು.

ಸೀಟಿಗೆ ಫೋಮ್ ಏರಿಸಿದರೂ ಮೊಣಕಾಲಿಗೆ ಜಾಗ ಸಿಗುತ್ತದೆ. ಬೇರೆ ಗಾಡಿಯಾಗಿದ್ದರೆ ಅದನ್ನೇ ಮೊದಲು ಮಾಡಿ ಎನ್ನುತ್ತಿದ್ದೆ. ಜಿಟಿಯಲ್ಲಿ ಸೀಟು ಏರಿದಷ್ಟೂ ಬೆನ್ನು ಬಗ್ಗುತ್ತದೆ, ಮೈಭಾರ ಅಂಗೈ ಮೇಲೆ ಬೀಳುತ್ತದೆ. ಮೊಣಕಾಲು ಉಳಿಸಲು ಹೋಗಿ ಮಣಿಕಟ್ಟು ಕಳೆದುಕೊಂಡ ಹಾಗೆ. ಹಾಗಾಗಿ ಫುಟ್‌ರೆಸ್ಟನ್ನೇ ಇಳಿಸಬೇಕಿತ್ತು.

ಪುಣೆಯಲ್ಲಿ ಗಾಡಿ ಸಾಮಾನಿಗೆ ನಾನಾ ಪೇಠ್ ಅಲ್ವಾ. ಅಲ್ಲಿ ಒಂದು ಗಲ್ಲಿಯೊಳಗಿನ ಸಣ್ಣ ಅಂಗಡಿ. ಕೆಲಸ ಮಾಡಿದ ಮಿಸ್ತ್ರಿ ನಮ್ಮ ಇಂಡಿ ಕಡೆಯವರು. ನಾನು ಪ್ಲೇಟ್ ತೋರಿಸಿ ಅಂದೆ. ಅವರು ಪ್ಲೇಟ್ ತರಲೇ ಇಲ್ಲ. "ಮೊದಲ ಗಾಡಿ ಮ್ಯಾಲ ಕುಂದರ್ರಿ ಸರ್. ಊರಿಗೆ ಹೋಗೂಮುಂದ ಇದss ಬೂಟ ಹಾಕ್ತೀರೇನು?" ಎಂದು ಕೇಳಿದರು. ಆ ಪ್ರಶ್ನೆ ಯಾಕೆ ಮುಖ್ಯ ಅಂತ ಆಮೇಲೆ ತಿಳಿಯಿತು.

ಪ್ಲೇಟ್ ಅಂದರೆ ಅಲ್ಯುಮಿನಿಯಂ ತುಂಡು. ಫುಟ್‌ರೆಸ್ಟಿನ ಪಿನ್ ತೆಗೆದು ಆ ಜಾಗಕ್ಕೆ ಇದನ್ನು ಕೂರಿಸಿ, ಇದಕ್ಕೆ ಫುಟ್‌ರೆಸ್ಟ್ ಸಿಕ್ಕಿಸುತ್ತಾರೆ. ಎರಡು ತೂತು ಇವೆ. ಒಂದರಲ್ಲಿ ಫುಟ್‌ರೆಸ್ಟ್ ನೇರ 25 ಮಿ.ಮೀ. ಕೆಳಗಿಳಿಯುತ್ತದೆ. ಇನ್ನೊಂದರಲ್ಲಿ ಅಷ್ಟೇ ಇಳಿದು ಮುಂದಕ್ಕೂ ಬರುತ್ತದೆ. ನನಗೆ ಮುಂದಿನದೇ ಬೇಕಿತ್ತು. ಆದರೆ ಫುಟ್‌ರೆಸ್ಟ್ ಮುಂದೆ ಬಂದರೂ ಗೇರ್ ಲಿವರ್ ಇದ್ದಲ್ಲೇ ಇರುತ್ತದೆ. ನಡುವಿನ ಜಾಗ ಕಡಿಮೆಯಾಗಿ, ದಪ್ಪ ಬೂಟಿನ ತುದಿ ಲಿವರ್ ಕೆಳಗೆ ತೂರುವುದೇ ಇಲ್ಲ. ಮಿಸ್ತ್ರಿ ಬೂಟು ಹಾಕಿಸಿ, ಕೂರಿಸಿ ತೋರಿಸಿದರು. ಸುಮ್ನೆ ನೇರ ಕೆಳಗಿನ ತೂತನ್ನೇ ಒಪ್ಪಿಕೊಂಡೆ.

ಆಮೇಲೆ ಗೇರ್ ಲಿವರ್. ಪಾದ ಕೆಳಗಿಳಿದ ಮೇಲೆ ಲಿವರ್ ಎತ್ತರದಲ್ಲಿ ಉಳಿಯುತ್ತದೆ, ಗೇರ್ ಇಳಿಸಬೇಕಾದರೆ ಪ್ರತಿ ಸಲ ಕಾಲೆತ್ತಬೇಕು. ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಡ್ಡಿಯ ಎರಡೂ ತುದಿಯಲ್ಲಿ ಲಾಕ್‌ನಟ್ ಇರುತ್ತವೆ. ಒಂದು ಕಡೆ ಉಲ್ಟಾ ಥ್ರೆಡ್. ಗೊತ್ತಿಲ್ಲದವರು ಅದನ್ನು ಬಿಚ್ಚುತ್ತೇನೆಂದು ಇನ್ನೂ ಬಿಗಿದು ಹಾಳು ಮಾಡುತ್ತಾರೆ. ಇವರು ಎರಡನ್ನೂ ಸಡಿಲಿಸಿ, ಕಡ್ಡಿ ತಿರುಗಿಸಿ, ನನ್ನ ಕಾಲಿಟ್ಟು ನೋಡಿ, ಮತ್ತೆ ತಿರುಗಿಸಿದರು.

ಇದೆಲ್ಲಕ್ಕಿಂತ ಮುಖ್ಯ ಹಿಂದಿನ ಬ್ರೇಕ್. ಫುಟ್‌ರೆಸ್ಟ್ ಇಳಿಸಿ ಪೆಡಲ್ ಹಾಗೇ ಬಿಟ್ಟರೆ ಪಾದ ಗೊತ್ತಿಲ್ಲದೆ ಪೆಡಲ್ ಮೇಲೆ ಕೂರುತ್ತದೆ. ಪ್ಯಾಡ್ ಡಿಸ್ಕಿಗೆ ಒರೆಸುತ್ತಲೇ ಇರುತ್ತದೆ, ಡಿಸ್ಕ್ ಕಾಯುತ್ತದೆ, ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ಹಿಂದೆ ಬರುವ ಲಾರಿಯವನಿಗೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಗೊತ್ತಾಗುವುದೇ ಇಲ್ಲ. ಇವರು ಪೆಡಲ್ ತಗ್ಗಿಸಿದರು, ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸ್ವಲ್ಪ ಸುಮ್ಮನೆ ಇಳಿಯುವಷ್ಟು ಫ್ರೀ ಪ್ಲೇ ಉಳಿಸಿದರು, ಲೈಟಿನ ಸ್ವಿಚ್ಚನ್ನೂ ಹೊಂದಿಸಿದರು. ಗಾಡಿ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ತೋರಿಸಿದರು. ಯಾರು ಈ ಕೆಲಸ ಮಾಡಿಕೊಟ್ಟರೂ ಚಕ್ರ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ.

ಪ್ಲೇಟಿನ ಜೋಡಿಗೆ 1,900 ರೂಪಾಯಿ, ಕೂಲಿ 600. ಪ್ಲೇಟ್ ತಯಾರಿಸಿದವರ ಮೇಲೆ ನನಗೆ ಎರಡು ದೂರು ಇವೆ. ಡಬ್ಬಿಯಲ್ಲಿ ಒಂದು ಚೀಟಿಯೂ ಇಲ್ಲ. ಜೊತೆಗೆ ಕೊಟ್ಟ ಬೋಲ್ಟುಗಳ ತಲೆಯ ಮೇಲೆ ಎಷ್ಟು ಗಟ್ಟಿ ಎಂದು ಹೇಳುವ ಗ್ರೇಡ್ ಗುರುತೇ ಇಲ್ಲ. ಮೈಭಾರವೆಲ್ಲ ಹೊರುವ ಬೋಲ್ಟ್ ಅದು! ಮಿಸ್ತ್ರಿ ಅವನ್ನು ಪಕ್ಕಕ್ಕಿಟ್ಟು 8.8 ಗುರುತಿನ ಬೋಲ್ಟ್ ಹಾಕಿ, ಅದು ಸಡಿಲಾಗದಂತೆ ನೀಲಿ ಲಾಕ್‌ಟೈಟ್ ಅಂಟು ಹಚ್ಚಿ, ತಲೆಯಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನ ಗೆರೆ ಎಳೆದರು. ಬೋಲ್ಟ್ ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಧಾರವಾಡ ಮುಟ್ಟಿದ ಮೇಲೆ ನೋಡಿದೆ, ಗೆರೆ ನೆಟ್ಟಗೇ ಇತ್ತು.

ದಾರಿಯಲ್ಲಿ? ಮೊಣಕಾಲು ನಿಪ್ಪಾಣಿವರೆಗೂ ಸುಮ್ಮನಿತ್ತು. ತೊಡೆಯ ಬಿಗಿತ ಪೂರ್ತಿ ಹೋಗಿಲ್ಲ, ಕಾಲು ಇನ್ನೂ ಹಿಂದೆಯೇ ಇದೆಯಲ್ಲ. ಅಂಗೈ ಮೇಲಿನ ಭಾರವೂ ಮೊದಲಿನಷ್ಟೇ. ಅದಕ್ಕೆ ಹ್ಯಾಂಡಲ್ ಎತ್ತರಿಸಬೇಕು, ಈ ಪ್ಲೇಟಿನಿಂದ ಆಗದು.

ಖಂಬಾಟಕಿ ಘಾಟಿನಲ್ಲಿ ಹತ್ತುವಾಗ ನಿಧಾನಕ್ಕೇ ಹೋದೆ. ಫುಟ್‌ರೆಸ್ಟ್ ಇಳಿದಷ್ಟೂ ತಿರುವಿನಲ್ಲಿ ನೆಲಕ್ಕೆ ಬೇಗ ತಾಗುತ್ತದೆ. ಇದರಲ್ಲಿ ಫುಟ್‌ರೆಸ್ಟ್ ಮೊದಲಿನ ಹಾಗೇ ಮೇಲಕ್ಕೆ ಮಡಚುತ್ತದೆ, ತಾಗಿದರೂ ಗಾಡಿಯನ್ನು ಎತ್ತಿಹಾಕುವುದಿಲ್ಲ. ಫುಟ್‌ರೆಸ್ಟ್ ಮಡಚಲು ಬಿಡದ ಪ್ಲೇಟ್ ಯಾರಾದರೂ ಅಗ್ಗಕ್ಕೆ ಕೊಟ್ಟರೆ ದಯವಿಟ್ಟು ಬೇಡ ಅನ್ನಿ. ತಿರುವಿನಲ್ಲಿ ಗಾಡಿ ಮಲಗಿಸಿ ಓಡಿಸುವುದೇ ಖುಷಿ ಅನ್ನುವವರಿಗೆ ಕಂಪನಿಯ ಎತ್ತರವೇ ಸರಿ.

ಹೋಗುವುದಾದರೆ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ. ಸಂಜೆ ಆ ಗಲ್ಲಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ, ಮಿಸ್ತ್ರಿಗೂ ಇಷ್ಟು ಪುರುಸೊತ್ತು ಸಿಗುವುದಿಲ್ಲ. ದೂರದ ದಾರಿಗೆ ಹಾಕುವ ಬೂಟು ಹಾಕಿಕೊಂಡೇ ಹೋಗಿ.