ಪಾಲಿಶ್ ಕಲಿಯುವವರೇ, ಅಗಸಿ ಎಣ್ಣೆಯ ಅರಿವಿ ಗುಡ್ಡೆ ಹಾಕಬೇಡಿ

ಮರದ ಸಾಮಾನಿಗೆ ಪಾಲಿಶ್ ಮಾಡುವುದನ್ನು ಕಲಿಯಲು ಎಲ್ಲಿಗೇ ಸೇರುವುದಿದ್ದರೂ ಮೊದಲು ಒಂದು ಮಾತು ಕೇಳಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಸಂಜೆ ಏನು ಮಾಡುತ್ತೀರಿ? "ಮೂಲ್ಯಾಗ ಒಗೀತೇವ್ರಿ" ಎಂದರೆ ಅಲ್ಲಿ ಫೀಸು ಕಟ್ಟಬೇಡಿ.

ವಿಜಯಪುರದಲ್ಲಿ ನಾನು ಕಲಿಯುತ್ತಿದ್ದ ಕಡೆ ಇದೇ ಬಟ್ಟೆಗಳಿಂದ ಬೆಂಕಿ ಹತ್ತಿತು. ಊರ ಹೊರಗಿನ ತಗಡಿನ ಶೆಡ್, ಏಪ್ರಿಲ್ ಬಿಸಿಲು. ಕಲಿಸುವವರ ಕೈಯಲ್ಲಿ ಕೆಲಸವಿತ್ತು, ಅದನ್ನು ಇಲ್ಲ ಎನ್ನಲಾರೆ. 120ರ ಉಜ್ಜುಕಾಗದದಿಂದ ಶುರು ಮಾಡಿ 180, 220, 320 ಎಂದು ಹಂತ ಹಂತವಾಗಿ, ಮರದ ಎಳೆಯ ಗುಂಟವೇ ಉಜ್ಜಬೇಕು, ಅಡ್ಡ ಉಜ್ಜಿದರೆ ಪಾಲಿಶ್ ಬಿದ್ದ ಮೇಲೆ ಗೀರುಗಳೆಲ್ಲ ಎದ್ದು ಕಾಣುತ್ತವೆ ಎಂದು ಕಲಿಸಿದರು. ಚಪಡಾ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿ ತುಂಬಿದ ಬಟ್ಟೆಯ ಉಂಡೆಯಿಂದ ತೆಳ್ಳಗೆ ಎಳೆಯುವುದನ್ನು ಅವರಿಂದಲೇ ಕಲಿತೆ. ಸ್ಪಿರಿಟ್ ಬಗ್ಗೆ ಬಹಳ ಹುಷಾರು. ಬೀಡಿ ಸೇದುವವರನ್ನು ಒಳಗೇ ಬಿಡುತ್ತಿರಲಿಲ್ಲ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡದೆ ಬೀಗ ಹಾಕುತ್ತಿರಲಿಲ್ಲ.

ಅಗಸಿ ಎಣ್ಣೆಯ ವಿಷಯಕ್ಕೆ ಬಂದಾಗ ಮಾತ್ರ ಆ ಹುಷಾರು ಇರಲಿಲ್ಲ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಎಂದು ಡಬ್ಬಿಯಲ್ಲಿ ಸಿಗುತ್ತದಲ್ಲ, ಅದು. ಮರಕ್ಕೆ ಹಚ್ಚಿ, ಸ್ವಲ್ಪ ಹೊತ್ತು ಕುಡಿಯಲು ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಒರೆಸದಿದ್ದರೆ ಅಂಟಂಟಾಗಿ ಉಳಿಯುತ್ತದೆ. ಹಾಗಾಗಿ ಒಂದೊಂದು ಸಾಮಾನಿಗೆ ರಾಶಿ ಬಟ್ಟೆ ಬೇಕಾಗುತ್ತದೆ. ಅವನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ಮರದ ಹೊಟ್ಟಿನ ಪಕ್ಕ ಇಡುವುದು ಅಲ್ಲಿಯ ರೂಢಿ. ನಮ್ಮ ಜೊತೆ ಕಲಿಯುತ್ತಿದ್ದ ಅಕ್ಕ ಒಬ್ಬರು ಚೀಲ ಬಿಸಿ ಹತ್ತಿದೆ ಎಂದು ತೋರಿಸಿದಾಗ ಕಲಿಸುವವರಿಂದ ಬಂದ ಉತ್ತರ: "ಏನೂ ಆಗಂಗಿಲ್ಲ ಬಿಡ್ರಿ, ಅಗಸಿ ಚಟ್ನಿ ನಾವು ದಿನಾ ತಿನ್ನಂಗಿಲ್ಲೇನು?"

ಅವತ್ತು ರಾತ್ರಿಯೇ ಚೀಲ ಹೊತ್ತಿಕೊಂಡಿತು. ಜೀವಕ್ಕೆ ಏನೂ ಆಗಲಿಲ್ಲ, ಪಕ್ಕದ ಗೋದಾಮಿನ ಕಾವಲುಗಾರರು ಹೊಗೆ ನೋಡಿ ಫೋನ್ ಮಾಡಿದ್ದರಿಂದ ಶೆಡ್ಡಿನ ಒಂದು ಮಗ್ಗುಲಷ್ಟೇ ಸುಟ್ಟಿತು. ಆ ಮಗ್ಗುಲಲ್ಲಿ ನಮ್ಮ ಅಜ್ಜಿಯ ಸಾಗವಾನಿ ಕಪಾಟು ಇತ್ತು. ಅದರ ಮೇಲೆ ಕಲಿಯಬೇಕೆಂದೇ ನಾನು ಸೇರಿದ್ದು. ಅಗ್ನಿಶಾಮಕ ದಳದವರು ಕೇಳಿದ ಮೊದಲ ಪ್ರಶ್ನೆಯೇ "ಎಣ್ಣಿ ಅರಿವಿ ಇಟ್ಟಿದ್ರೇನ್ರಿ ಇಲ್ಲಿ?" ಎಂಬುದು. ಕಲಿಸುವವರು ಶಾರ್ಟ್ ಸರ್ಕ್ಯೂಟ್ ಎಂದೇ ಇವತ್ತಿಗೂ ಹೇಳುತ್ತಾರೆ. ಮೇನ್ ಆಫ್ ಇದ್ದ ಶೆಡ್ಡಿನಲ್ಲಿ ಎಲ್ಲಿಯ ಶಾರ್ಟ್ ಸರ್ಕ್ಯೂಟ್? ಫೀಸೂ ವಾಪಸ್ ಬರಲಿಲ್ಲ. ಅದಕ್ಕಿಂತ ನನಗೆ ಸಂಕಟವಾಗುವುದು, ಹೊಸಬರಿಗೆ ಅಲ್ಲಿ ಇನ್ನೂ ಇದನ್ನು ಹೇಳಿಕೊಡುತ್ತಿಲ್ಲ ಎಂಬುದು.

ಸ್ಪಿರಿಟ್‌ಗೆ ಹೊರಗಿನಿಂದ ಕಿಡಿ ಬೇಕು. ಅಗಸಿ ಎಣ್ಣೆಗೆ ಬೇಡ. ಸ್ಪಿರಿಟ್ ಆವಿಯಾಗಿ ಹೋಗುತ್ತದೆ, ಆದರೆ ಈ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು, ಆಗ ಶಾಖ ಹುಟ್ಟುತ್ತದೆ. ಮೇಜಿನ ಮೇಲೆ ತೆಳ್ಳಗೆ ಹರಡಿದ್ದಾಗ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆಯಾದ ಬಟ್ಟೆಯೊಳಗೆ ಹೋಗಲು ದಾರಿಯಿಲ್ಲ. ಹಸಿ ಇರುವಾಗಲೇ ಒಟ್ಟಿದ ಬಣವೆಯಂತೆ ಒಳಗೊಳಗೇ ಕಾಯುತ್ತದೆ. ಕಾದಷ್ಟೂ ಎಣ್ಣೆ ಇನ್ನೂ ಬೇಗ ಆಮ್ಲಜನಕ ಹೀರುತ್ತದೆ. ಕೆಲವೇ ತಾಸಿನಲ್ಲಿ ಬೆಂಕಿ. ಬಾಯ್ಲ್ಡ್ ಎಂದು ಮಾರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಅದಕ್ಕೇ ಅಪಾಯ ಹೆಚ್ಚು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿಯಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡ ಉರಿದದ್ದು ಮರದ ಕೆಲಸದವರು ಬಿಟ್ಟುಹೋದ ಇಂಥವೇ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ದೊಡ್ಡ ಕಟ್ಟಡವೇ ಹೋಯಿತು, ನಮ್ಮ ತಗಡಿನ ಶೆಡ್ಡು ಯಾವ ಲೆಕ್ಕ?

ಮಾಡಬೇಕಾದ ಕೆಲಸಕ್ಕೆ ಖರ್ಚೇ ಇಲ್ಲ. ಪ್ರತಿ ಬಟ್ಟೆಯನ್ನು ಬಿಡಿಸಿ, ಒಂದರ ಮೇಲೊಂದು ಬೀಳದಂತೆ, ಹೊರಗೆ ಹಗ್ಗದ ಮೇಲೆ ಬಿಡಿಬಿಡಿಯಾಗಿ ಹಾಕಿ. ಗೋಡೆಯಿಂದ, ಹೊಟ್ಟಿನಿಂದ ದೂರವಿರಲಿ. ರಟ್ಟಿನಂತೆ ಸೆಟೆದ ಮೇಲೆ ಎಸೆಯಬಹುದು. ಅಷ್ಟು ಜಾಗವಿಲ್ಲದಿದ್ದರೆ ತಗಡಿನ ಡಬ್ಬಿಯಲ್ಲಿ ನೀರು ತುಂಬಿ, ಪೂರ್ತಿ ಮುಳುಗಿಸಿ, ಮುಚ್ಚಳ ಹಾಕಿ. ಪ್ಲಾಸ್ಟಿಕ್ ಬುಟ್ಟಿ ಬೇಡ, ಗೋಣಿಚೀಲವಂತೂ ಬೇಡವೇ ಬೇಡ. ಎಣ್ಣೆ ಹಚ್ಚಿದ ಮರವನ್ನು ಉಜ್ಜಿದಾಗ ಬೀಳುವ ಪುಡಿಗೂ ಇದೇ ಜಾಗ್ರತೆ ಬೇಕು.

ಓದುತ್ತಿರುವ ಬಡಗಿ ಅಣ್ಣಂದಿರೇ, ನಿಮ್ಮ ಶೆಡ್ಡಿನಲ್ಲಿ ಅಂಥ ಗುಡ್ಡೆ ಈಗಲೇ ಇದ್ದು, ಮುಟ್ಟಿದರೆ ಬಿಸಿ ಹತ್ತಿದರೆ ಅಥವಾ ಮೂಗಿಗೆ ಘಾಟು ಬಡಿದರೆ, ಬಿಡಿಸಲು ಹೋಗಬೇಡಿ. ಗಾಳಿ ಒಳಹೊಕ್ಕರೆ ಭಗ್ಗೆಂದು ಹತ್ತಬಹುದು. ಮೊದಲು ಮೇಲಿಂದ ಕೊಡಗಟ್ಟಲೆ ನೀರು ಸುರಿಯಿರಿ. ಹೊಗೆ ಕಂಡರೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.