ಕಾರ್ಬನ್ ಎಎಫ್‌ಓ (ಕಣಕಾಲು-ಪಾದದ ಬ್ರೇಸ್), 8 ತಿಂಗಳಾದ್ಮೇಲೆ: ವೇಗ ಅಷ್ಟೇನೂ ಹೆಚ್ಚಲಿಲ್ಲ, ಸಂಜೆ ಉಳೀತು

ನಂಗೆ ಸಿಪಿ (ಸೆರೆಬ್ರಲ್ ಪಾಲ್ಸಿ, ಎಳೇ ಮೆದುಳಿಗೆ ಆದ ಪೆಟ್ಟಿಂದ ಸ್ನಾಯುಗಳ ಹಿಡಿತ ತಪ್ಪೋದು), ಅದ್ರಲ್ಲಿ ಸ್ಪಾಸ್ಟಿಕ್ ಡೈಪ್ಲೀಜಿಯಾ, ಅಂದ್ರೆ ಮುಖ್ಯವಾಗಿ ಎರಡೂ ಕಾಲಿನ ಸ್ನಾಯು ಬಿಗಿ. ವಯಸ್ಸು 37. ಕೋಲಿಲ್ದೇ ನಡೀತೀನಿ ಆದ್ರೆ ಮೆಟ್ಲು ಅಂದ್ರೆ ಕಂಬಿ ಬೇಕೇ ಬೇಕು. ಚಿಕ್ಕವನಿದ್ದಾಗ ಪ್ಲಾಸ್ಟಿಕ್ ಬ್ರೇಸ್ ಹಾಕಿ ಹಾಕಿ ಸಾಕಾಗಿ 17ಕ್ಕೆ ಮೂಲೆಗೆ ಎಸೆದವನು, ಇಪ್ಪತ್ತು ವರ್ಷ ಆದ್ಮೇಲೆ ಈಗ ಎರಡೂ ಕಾಲಿಗೆ ಕಾರ್ಬನ್ ಫೈಬರ್‌ದು ಮಾಡಿಸ್ಕೊಂಡೆ. ಮೊಣಕಾಲ ಕೆಳಗೆ ಮುಂದುಗಡೆ ಪಟ್ಟಿ ಬರುತ್ತಲ್ಲ, ಆ ಥರದ್ದು.

ಯಾಕೆ ಬೇಕಾಯ್ತು ಅಂದ್ರೆ ಸುಸ್ತು. ಮೆದುಳಿಗೆ ಆಗಿರೋ ಪೆಟ್ಟು ವಯಸ್ಸಾದ್ರೂ ಹೆಚ್ಚಾಗಲ್ಲ ಅಂತ ಎಲ್ರೂ ಹೇಳ್ತಾರೆ, ನಿಜಾನೇ, ಆದ್ರೆ ಅದು ನನ್ನ ಮಂಡಿಗೆ ಗೊತ್ತಿಲ್ವಲ್ಲ! ಮಂಡಿ ಸ್ವಲ್ಪ ಬಗ್ಗಿಸ್ಕೊಂಡು ಹಾಗೇ ಎರಡು ನಿಮಿಷ ನಿಂತು ನೋಡಿ, ತೊಡೆ ನಡುಗೋಕೆ ಶುರುವಾಗುತ್ತೆ, ನಾನು ದಿನಪೂರ್ತಿ ನಡೆಯೋದೇ ಹಾಗೆ. ಅದರ ಮೇಲೆ ಒಂದು ಸ್ನಾಯು ಎಳೆಯೋವಾಗ ಎದುರಿಂದು ಸಡಿಲ ಬಿಡ್ಬೇಕು ತಾನೇ, ನಮ್ದು ಎರಡೂ ಒಟ್ಟಿಗೇ ಹಿಡ್ಕೊಳ್ಳುತ್ತೆ, ಬ್ರೇಕ್ ಒತ್ಕೊಂಡೇ ಗಾಡಿ ಓಡಿಸಿದ ಹಾಗೆ. ಅದಕ್ಕೇ ಅದೇ ದೂರ ನಡೆಯೋಕೆ ನಮಗೆ ಬೇರೆಯವರಿಗಿಂತ 2-3 ಪಟ್ಟು ಶಕ್ತಿ ಖರ್ಚಾಗಬಹುದು. ಇದನ್ನ "ಸೋಮಾರಿ" ಅಂತ ಕರೆದವರ ಲೆಕ್ಕ ಇಟ್ಟಿಲ್ಲ ನಾನು.

ಸರಿ, ಬ್ರೇಸ್ ವಿಷಯ. ಹೆಜ್ಜೆ ಊರಿದಾಗ ಕಣಕಾಲು ಮುಂದಕ್ಕೆ ಕುಸಿಯೋದನ್ನ ಇದು ತಡೆಯುತ್ತೆ, ಆಗ ಮಂಡಿ ತಾನಾಗೇ ನೆಟ್ಟಗಾಗುತ್ತೆ, ಕಾಲೆತ್ತೋವಾಗ ಸ್ಪ್ರಿಂಗ್ ಥರ ಚೂರು ಹಿಂದಿಂದ ತಳ್ಳಿದ ಹಾಗೂ ಅನ್ಸುತ್ತೆ. ಬರೀ ಅನ್ಸಿಕೆ ಇರಬಹುದು ಅಂತ ಫಿಸಿಯೋ ಹೇಳಿಕೊಟ್ಟ ಹಾಗೆ ಅಳತೆ ಮಾಡಿದೆ: ಒಂದೇ ಕಾರಿಡಾರ್, 6 ನಿಮಿಷ. ಬ್ರೇಸ್ ಇಲ್ದೇ 290 ಮೀಟರ್, ನಾಡಿ 82ರಿಂದ 140ಕ್ಕೆ ಹೋಯ್ತು. ಬ್ರೇಸ್ ಹಾಕ್ಕೊಂಡು 305 ಮೀಟರ್, ನಾಡಿ 82ರಿಂದ 124. ಏರಿದ ನಾಡಿ ಬಡಿತಾನ ನಿಮಿಷಕ್ಕೆ ನಡೆದ ಮೀಟರ್‌ನಿಂದ ಭಾಗಿಸಿದ್ರೆ ಮೀಟರಿಗೆ 1.2 ಬಡಿತ ಇದ್ದಿದ್ದು 0.83ಕ್ಕೆ ಇಳೀತು, ಅಂದ್ರೆ ಅದೇ ದೂರಕ್ಕೆ ಶ್ರಮ ಕಮ್ಮಿ. ದೂರ ನೋಡಿದ್ರೆ ಬರೀ 15 ಮೀಟರ್ ಜಾಸ್ತಿ, ಮಾರೋರು ತೋರ್ಸೋ ವಿಡಿಯೋ ಥರ ಓಡಾಟ ಏನಿಲ್ಲ. ಆದ್ರೆ ಕೆಲಸ ಮುಗಿಸಿ ಬಂದು ಶೂ ಬಿಚ್ಚೋಕೂ ಆಗ್ದೇ ಹಾಗೇ ಬಿದ್ಕೊಳ್ತಿದ್ದವನು ಈಗ ಕೂತು ನಾಲ್ಕು ಮಾತಾಡ್ತೀನಿ. ನಂಗೆ ಬೇಕಿದ್ದೂ ಅದೇ.

ಇನ್ನೊಂದು, ಬಲಗಾಲಿನ ಶೂ ತುದಿ ನೆಲಕ್ಕೆ ಉಜ್ಜಿ ಉಜ್ಜಿ ಎರಡು ತಿಂಗಳಿಗೆ ತೂತಾಗ್ತಿತ್ತು, ಈಗಿನ ಜೋಡಿಗೆ ಹೊಲಿಗೆ ಕೂಡ ಸವೆದಿಲ್ಲ.

ಬೈಯೋದೂ ಇದೆ. ಮೊದಲ ಫಿಟ್ಟಿಂಗ್ ಮಾಡಿದ ಸೆಂಟರ್‌ನೋರು ಒಳಗಡೆ ಹರಡಿನ ಮೂಳೆ ಹತ್ರ ಜಾಗಾನೇ ಬಿಟ್ಟಿರಲಿಲ್ಲ, ಬಿಚ್ಚಿ ಅರ್ಧ ಗಂಟೆ ಆದ್ರೂ ಕೆಂಪು ಗುರುತು ಹೋಗ್ತಿರಲಿಲ್ಲ, ಕೇಳಿದ್ರೆ "ರೂಢಿ ಆಗುತ್ತೆ ಸರ್". ರೂಢಿ ಆಗಲ್ಲ ರೀ, ಗಾಯ ಆಗುತ್ತೆ! ಕೆಂಪು ಅಷ್ಟು ಹೊತ್ತು ನಿಂತ್ರೆ ಹಾಕೋದು ನಿಲ್ಸಿ ವಾಪಸ್ ಹೋಗಿ. ಪ್ಲಾಸ್ಟಿಕ್ ಆದ್ರೆ ಬಿಸಿ ಮಾಡಿ ಸ್ವಲ್ಪ ಉಬ್ಬಿಸಬಹುದು, ಕಾರ್ಬನ್‌ನಲ್ಲಿ ಆ ಆಟ ಅಷ್ಟು ಸುಲಭಕ್ಕೆ ನಡೆಯಲ್ಲ, ನಂದು ಹೊಸದಾಗೇ ಮಾಡಬೇಕಾಯ್ತು. ವೆಲ್ಕ್ರೋ ಸಾಕ್ಸಿನ ದಾರ ಎಲ್ಲ ಕಿತ್ತುಕೊಳ್ಳುತ್ತೆ, ಶೂ ಒಂದು ಸೈಜ್ ದೊಡ್ಡದು ಬೇಕು, ಒಳಗಿನ ಇನ್‌ಸೋಲ್ ತೆಗೀಬೇಕು, ಬೆವರಂತೂ ಕೇಳ್ಬೇಡಿ.

ಮೆಟ್ಲು ಇಳಿಯೋದು ಮುಂಚೆಗಿಂತ ಕಷ್ಟ ಆಗಿದೆ, ಪಾದ ಬಗ್ಗಲ್ವಲ್ಲ. ಮತ್ತೆ ಎಲ್ರ ಕಾಲಿಗೂ ಇದೇ ಸರಿ ಅಂತ ಅಲ್ಲ, ಮಂಡಿ ಹಿಂದಗಡೆ ಸ್ನಾಯು ಸಿಕ್ಕಾಪಟ್ಟೆ ಬಿಗಿ ಇದ್ದು ಮಂಡಿ ನೆಟ್ಟಗಾಗೋದೇ ಇಲ್ಲ ಅಂದ್ರೆ ಬ್ರೇಸ್ ಒಂದೇ ಏನೂ ಮಾಡಲ್ಲ. ಟ್ರಯಲ್‌ಗೆ ಹೋದಾಗ ಸಮತಟ್ಟು ನೆಲದಲ್ಲಿ ಹತ್ತು ಹೆಜ್ಜೆ ನಡೆಸಿ "ಆಯ್ತು ಸರ್" ಅಂತಾರೆ, ಒಪ್ಕೋಬೇಡಿ, ಒಂದು ರ‍್ಯಾಂಪ್ ಇಳಿದು, ಕುರ್ಚಿಯಿಂದ ನಾಲ್ಕು ಸಲ ಎದ್ದು ಕೂತು ನೋಡಿ ಆಮೇಲೆ ದುಡ್ಡು ಕೊಡಿ.