ಬಾಣಂತನದಲ್ಲಿ ಪೈಲ್ಸ್: ನಾನು ಬಳಸಿದ ಸಿಟ್ಜ್ ಬಾತ್ ಟಬ್ ಬಗ್ಗೆ

ಸಿಟ್ಜ್ ಬಾತ್ ಟಬ್ ಅಂದರೆ ಕಮೋಡಿನ ಮೇಲೆ ಇಟ್ಟು, ಬೆಚ್ಚಗಿನ ನೀರು ತುಂಬಿ ಕೂರುವ ಪ್ಲಾಸ್ಟಿಕ್ ಬೋಗುಣಿ. ಸಿಟ್ಜ್ ಅನ್ನುವುದು ಜರ್ಮನ್ ಭಾಷೆಯ 'ಕೂರು' ಅನ್ನುವ ಪದದಿಂದ ಬಂದದ್ದು, ಅಷ್ಟೆ. ನಾನು ಎರಡು ಟಬ್ ಕೊಂಡೆ. ಮೊದಲನೆಯದು ಹತ್ತು ದಿನಕ್ಕೇ ಮೂಲೆ ಸೇರಿತು. ಎರಡನೆಯದನ್ನು ಮೂರು ತಿಂಗಳು ಬಳಸಿದೆ. ಯಾವುದು ಯಾಕೆ ಚೆನ್ನಾಗಿಲ್ಲ, ಯಾವುದು ಯಾಕೆ ಚೆನ್ನಾಗಿದೆ ಅಂತ ಬಿಡಿಸಿ ಬರೆಯುತ್ತೇನೆ. ಕೊಳ್ಳುವಾಗ ನಾನು ಹುಡುಕಿದೆ, ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ.

ನನಗೆ ಇದು ಎರಡನೇ ಹೆರಿಗೆ, ನಾರ್ಮಲ್. ಬಾಣಂತನಕ್ಕೆ ತಿಪಟೂರಿನ ಹತ್ತಿರ ಅಮ್ಮನ ಮನೆಗೆ ಹೋಗಿದ್ದೆ. ಎಂಟನೇ ತಿಂಗಳಿಂದಲೇ ಸ್ವಲ್ಪ ತುರಿಕೆ, ಟಾಯ್ಲೆಟ್‌ಗೆ ಹೋದಾಗ ಎರಡು ಹನಿ ರಕ್ತ ಇತ್ತು. ಹೆರಿಗೆಯಲ್ಲಿ ಮುಕ್ಕಿದ ಮೇಲೆ ಅದು ಪೂರ್ತಿ ಹೊರಗೆ ಬಂತು. ಐದನೇ ದಿನ ಮುಟ್ಟಿ ನೋಡಿದರೆ ದ್ರಾಕ್ಷಿ ಹಣ್ಣಿನಷ್ಟು ದಪ್ಪ, ಗಟ್ಟಿ ಗಂಟು. ಕೂರಲು ಆಗದು, ಮಲಗಿದರೂ ನೋವು. ಮಗುವಿಗೆ ಹಾಲು ಕುಡಿಸುವಾಗ ಒಂದೇ ಪಕ್ಕಕ್ಕೆ ವಾಲಿಕೊಂಡು, ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಹೊಲಿಗೆ ನೋವು ಇರಬೇಕು ಅಂತ ಎಲ್ಲರೂ ಅಂದುಕೊಂಡರು. ನಾನೂ ಬಾಯಿ ಬಿಡಲಿಲ್ಲ, ನಾಚಿಕೆ. ಎಂಟನೇ ದಿನ ರಾತ್ರಿ ತಡೆಯಲಾಗದೆ ಅಮ್ಮನ ಹತ್ತಿರ ಅತ್ತುಕೊಂಡು ಹೇಳಿದೆ. ಅಮ್ಮ ಸುಮ್ಮನೆ ನನ್ನ ತಲೆ ಸವರಿ, 'ನೀನು ಹುಟ್ಟಿದಾಗ ನನಗೂ ಆಗಿತ್ತು ಕಣೇ' ಅಂದರು. ನನಗೀಗ ಮೂವತ್ತೊಂದು ವರ್ಷ. ಅಷ್ಟು ವರ್ಷ ಅವರೂ ಯಾರಿಗೂ ಹೇಳಿರಲಿಲ್ಲ.

ಮರುದಿನ ಡಾಕ್ಟರ್ ಹತ್ತಿರ ಹೋದೆವು. ಹೊರಗಿನ ಪೈಲ್ಸ್‌ನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಇಂಥ ಗಂಟಿಗೆ ಮೊದಲ ಎರಡು ಮೂರು ದಿನವೇ ನೋವು ಜಾಸ್ತಿ, ಆಗಲೇ ಬಂದಿದ್ದರೆ ಚಿಕ್ಕದಾಗಿ ಕೊಯ್ದು ತೆಗೆಯಬಹುದಿತ್ತು, ಈಗ ತಾನಾಗಿ ಕರಗಲಿ ಬಿಡಿ ಅಂದರು. ಕಾರಣವನ್ನೂ ಬಿಡಿಸಿ ಹೇಳಿದರು. ಬಸುರಿಯಲ್ಲಿ ಗರ್ಭಕೋಶದ ಭಾರ ಕೆಳಗಿನ ರಕ್ತನಾಳಗಳ ಮೇಲೆ ಬೀಳುತ್ತದೆ, ಹಾರ್ಮೋನಿನಿಂದ ಕರುಳಿನ ಓಟ ನಿಧಾನ ಆಗುತ್ತದೆ, ಮಲ ಗಟ್ಟಿಯಾಗುತ್ತದೆ. ಮೇಲಿಂದ ಐರನ್ ಮಾತ್ರೆ ಬೇರೆ. ಕೊನೆಗೆ ಹೆರಿಗೆಯ ಮುಕ್ಕುವಿಕೆ. ಬರೆದುಕೊಟ್ಟಿದ್ದು ಮೂರೇ: ದಿನಕ್ಕೆ ಮೂರು ಸಲ ಸಿಟ್ಜ್ ಬಾತ್, ಮಲ ಮೆತ್ತಗಾಗಲು ಇಸಬ್ಗೋಲ್ ಹೊಟ್ಟು, ಹಚ್ಚಲು ಒಂದು ಮುಲಾಮು.

ಮೊದಲನೇ ಟಬ್ ತಂದಿದ್ದು ಊರಿನ ಒಂದು ಮೆಡಿಕಲ್ ಸ್ಟೋರಿಂದ, 250 ರೂಪಾಯಿ. ಅಂಗಡಿಯವರು ನಾಲ್ಕು ಜನರ ಮುಂದೆ 'ಯಾರಿಗೆ, ಪೈಲ್ಸಾ?' ಅಂತ ಜೋರಾಗಿ ಕೇಳಿದರಂತೆ, ನಮ್ಮ ಮನೆಯವರು ತಲೆ ತಗ್ಗಿಸಿಕೊಂಡು ಬಂದರು. ಯಾರೂ ಹಾಗೆ ಕೇಳಬಾರದು. ಪ್ಲಾಸ್ಟಿಕ್ ತೆಳ್ಳಗಿತ್ತು. ಬಿಸಿನೀರು ಬಿದ್ದ ಕೂಡಲೇ ಮೆತ್ತಗಾಗಿ ಅಂಚು ಒಳಕ್ಕೆ ಬಗ್ಗುತ್ತಿತ್ತು. ನೀರು ಚೆಲ್ಲಿ ಹೋಗಲು ಹಿಂದೆ ತೂತು ಇರಬೇಕು, ಇದರಲ್ಲಿ ಇರಲಿಲ್ಲ, ಹಾಗಾಗಿ ಕೂತ ಕೂಡಲೇ ನೀರೆಲ್ಲ ಬಚ್ಚಲಿನ ನೆಲಕ್ಕೆ. ಹಸಿ ಬಾಣಂತಿ, ಒದ್ದೆ ನೆಲ, ಜಾರಿದರೆ ಏನು ಗತಿ ಹೇಳಿ. ಇನ್ನೊಂದು ದೊಡ್ಡ ತೊಂದರೆ, ಅಮ್ಮನ ಮನೆಯಲ್ಲಿ ಇರುವುದು ಇಂಡಿಯನ್ ಟಾಯ್ಲೆಟ್. ಟಬ್ ಇಡುವುದೆಲ್ಲಿ? ಮೊದಲೆರಡು ದಿನ ಅಮ್ಮ ಅಗಲವಾದ ಬೋಗುಣಿಯನ್ನು ನೆಲದ ಮೇಲೆ ಇಟ್ಟುಕೊಟ್ಟರು. ಕೂರುವುದೇನೋ ಕೂತೆ, ಏಳಲು ಹೋದಾಗ ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಅಪ್ಪ ಅಟ್ಟದ ಮೇಲಿಂದ ಅಜ್ಜಿಗೆ ಅಂತ ತಂದಿದ್ದ, ನಡುವೆ ತೂತಿರುವ ಕಮೋಡ್ ಚೇರ್ ಇಳಿಸಿದರು. ಅದರ ಮೇಲೆ ಟಬ್ ಇಟ್ಟರೆ ಸಣ್ಣದಾಗಿ ಒಳಕ್ಕೆ ಜಾರುತ್ತಿತ್ತು.

ಎರಡನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆ, 450 ರೂಪಾಯಿ ಆಯಿತು. ಈ ಸಲ ಕಮೋಡ್ ಚೇರಿನ ತೂತಿನ ಅಗಲ, ಉದ್ದ ಎರಡನ್ನೂ ಟೇಪಿನಲ್ಲಿ ಅಳೆದು, ಟಬ್ಬಿನ ಅಳತೆ ಬರೆದಿದ್ದನ್ನು ನೋಡಿಯೇ ಆರ್ಡರ್ ಮಾಡಿದೆ. ದಪ್ಪ ಪ್ಲಾಸ್ಟಿಕ್, ಅಗಲವಾದ ಅಂಚು, ಹಿಂಭಾಗದಲ್ಲಿ ಹೆಚ್ಚಿನ ನೀರು ಕೆಳಕ್ಕೆ ಇಳಿಯಲು ತೂತುಗಳು. ಸುಮಾರು ಎರಡು ಲೀಟರ್ ನೀರು ಹಿಡಿಯುತ್ತದೆ. ನನ್ನ ಭಾರಕ್ಕೆ ಅಲ್ಲಾಡಲಿಲ್ಲ, ಬಗ್ಗಲಿಲ್ಲ. ಜೊತೆಗೆ ನೀರು ತುಂಬುವ ಒಂದು ಚೀಲ, ಒಂದು ಪೈಪು ಕೊಟ್ಟಿದ್ದರು, ಅದು ನನಗೆ ಬೇಕಾಗಲಿಲ್ಲ. ಮಡಚುವ ರಬ್ಬರಿನಂಥ ಟಬ್ಬುಗಳೂ ಸಿಗುತ್ತವೆ, ಊರೂರು ತಿರುಗುವವರಿಗೆ ಅನುಕೂಲ ಇರಬಹುದು, ಆದರೆ ಮಡಿಕೆಗಳ ಸಂದಿಯಲ್ಲಿ ಕೊಳೆ ಕೂರುತ್ತದೆ ಅಂತ ನಾನು ಬೇಡ ಅಂದೆ. ನನ್ನ ಟಬ್ಬಿನಲ್ಲಿ ಒಂದೇ ಕೊರತೆ: ಮುಂದಿನ ಅಂಚು ಸ್ವಲ್ಪ ಎತ್ತರ, ಹತ್ತು ನಿಮಿಷ ದಾಟಿದರೆ ತೊಡೆಗೆ ಒತ್ತುತ್ತದೆ. ಮಡಚಿದ ಟವೆಲ್ ಹಾಕಿಕೊಂಡು ಕೂರುತ್ತಿದ್ದೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ಬಳಸುವ ರೀತಿಯಲ್ಲೇ ಎಲ್ಲ ಇರುವುದು. ನೀರು ಬೆಚ್ಚಗೆ, ಸುಮಾರು 40 ಡಿಗ್ರಿ. ನಮ್ಮಲ್ಲಿ ಬಾಣಂತಿಗೆ ಸುಡುಸುಡು ನೀರು ಹುಯ್ಯುವುದು ರೂಢಿ ಅಲ್ವಾ, ಅಮ್ಮ ಮೊದಲ ದಿನ ಹಂಡೆಯಿಂದ ಅದೇ ನೀರು ತಂದರು, ಮುಟ್ಟಲು ಆಗಲಿಲ್ಲ. ಆಮೇಲೆ ಮಗುವಿನ ಸ್ನಾನದ ನೀರಿಗೆ ಮೊಣಕೈ ಅದ್ದಿ ನೋಡುವ ಹಾಗೆ ನನ್ನ ಟಬ್ಬಿಗೂ ಅಮ್ಮ ಮೊಣಕೈ ಅದ್ದಿ ನೋಡಿ ಕೊಡುತ್ತಿದ್ದರು. ಹತ್ತರಿಂದ ಹದಿನೈದು ನಿಮಿಷ, ಮೋಷನ್ ಆದ ಮೇಲೆ ಒಂದು ಸಲ ತಪ್ಪಿಸಬಾರದು. ಬೆಚ್ಚಗಿನ ನೀರಿಗೆ ಆ ಜಾಗದ ಬಿಗಿದ ಸ್ನಾಯು ಸಡಿಲ ಆಗುತ್ತದೆ, ನೋವು ಇಳಿಯುವುದು ಅದಕ್ಕೇ. ಉಪ್ಪು ಹಾಕು, ಡೆಟಾಲ್ ಹಾಕು ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಡಾಕ್ಟರ್ ಬರೀ ನೀರು ಸಾಕು ಅಂದರು, ಬರೀ ನೀರೇ ಸಾಕಾಯಿತು. ಡೆಟಾಲ್ ಹಾಕಿದ್ದರೆ ಆ ಜಾಗ ಉರಿದುಹೋಗುತ್ತಿತ್ತು. ಒರೆಸುವಾಗ ತಿಕ್ಕಬಾರದು, ಹಳೇ ಹತ್ತಿ ಸೀರೆಯ ಮೆತ್ತನೆ ತುಂಡಿನಿಂದ ಸುಮ್ನೆ ಒತ್ತಿ ತೇವ ತೆಗೆಯಬೇಕು. ಎದ್ದು ನಿಲ್ಲುವಾಗ ಹುಷಾರು! ಬೆಚ್ಚಗಿನ ನೀರಿನಿಂದ ಎದ್ದ ಕೂಡಲೇ ತಲೆ ಸುತ್ತಬಹುದು, ನನಗೆ ಎರಡು ಸಲ ಸುತ್ತಿತು. ಬಾಗಿಲು ಚಿಲಕ ಹಾಕಿಕೊಳ್ಳಬೇಡಿ, ಹೊರಗೆ ಯಾರಾದರೂ ಇರಲಿ. ಪ್ರತಿ ಸಲ ಟಬ್ಬನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ.

ಮೊದಲ ದಿನವೇ ಅರ್ಧ ಗಂಟೆ ನೋವಿಲ್ಲದೆ ಮಗುವಿಗೆ ನೆಟ್ಟಗೆ ಕೂತು ಹಾಲು ಕೊಟ್ಟೆ. ಆ ಅರ್ಧ ಗಂಟೆ ಎಷ್ಟು ದೊಡ್ಡದು ಅಂತ ಈ ನೋವು ತಿಂದವರಿಗೇ ಗೊತ್ತು. ಎರಡು ವಾರಕ್ಕೆ ಗಂಟು ಕಡಲೆಕಾಳಿನಷ್ಟಾಯಿತು, ಆಮೇಲೆ ಹೋಯಿತು. ಒಳಗಿನ ಪೈಲ್ಸ್ ಆಗಾಗ ತೊಂದರೆ ಕೊಡುತ್ತಿದ್ದುದರಿಂದ ಟಬ್ ಮೂರು ತಿಂಗಳು ನಡೆಯಿತು. ಮುಲಾಮು ಮರಗಟ್ಟಿಸಿ ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತದೆ, ಆದರೆ ಸ್ಟೀರಾಯ್ಡ್ ಇರುವ ಮುಲಾಮನ್ನು ಒಂದು ವಾರಕ್ಕಿಂತ ಜಾಸ್ತಿ ನೀವಾಗೇ ಹಚ್ಚಿಕೊಳ್ಳುತ್ತಾ ಹೋಗಬೇಡಿ, ಚರ್ಮ ತೆಳ್ಳಗಾಗುತ್ತದೆ. ನಡುವೆ ತೂತಿರುವ ರಿಂಗ್ ದಿಂಬೂ ತಂದೆವು, ನನಗೆ ಹಿಡಿಸಲಿಲ್ಲ. ಸುತ್ತಲೂ ಒತ್ತಿ, ನಡುವಿನ ಭಾಗ ಜೋತು ಬಿದ್ದ ಹಾಗಾಗಿ ಊತ ಜಾಸ್ತಿಯೇ ಅನಿಸುತ್ತಿತ್ತು. ಮೆತ್ತನೆಯ ಸಾದಾ ದಿಂಬೇ ವಾಸಿ.

ಆದರೆ ಟಬ್ ಒಂದೇ ಸಾಲದು. ಮಲ ಗಟ್ಟಿಯಾಗಿಯೇ ಇದ್ದರೆ ಎಷ್ಟು ನೀರಲ್ಲಿ ಕೂತರೂ ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು. ನಮ್ಮ ಬಾಣಂತನದ ಊಟ ನೋಡಿ, ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ತರಕಾರಿ ವಾಯು, ಹಣ್ಣು ಶೀತ, ನೀರು ಜಾಸ್ತಿ ಕುಡಿದರೆ ಹೊಟ್ಟೆ ದಪ್ಪ ಅನ್ನುತ್ತಾರೆ. ಡಾಕ್ಟರ್ ಅಮ್ಮನಿಗೇ ನೇರವಾಗಿ ಹೇಳಿದರು, 'ಹಾಲು ಕುಡಿಸೋ ಹುಡುಗಿ ಅಮ್ಮಾ, ನೀರು ಕೊಡಿ, ಸೊಪ್ಪು ಕೊಡಿ' ಅಂತ. ಅಮ್ಮ ಒಪ್ಪಿದರು, ಅದಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ, ಸಬ್ಬಸಿಗೆ ಸೊಪ್ಪಿನ ಸಾರು, ಪರಂಗಿ ಹಣ್ಣು ಶುರುವಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನಕ್ಕೆ 25ರಿಂದ 30 ಗ್ರಾಂ ಬೇಕು ಅಂದರೆ ಬರೀ ಅನ್ನ ಸಾರಿನಲ್ಲಿ ಎಲ್ಲಿಂದ ಬರಬೇಕು?

ಇಸಬ್ಗೋಲ್ ರಾತ್ರಿ ಎರಡು ಚಮಚ, ದೊಡ್ಡ ಲೋಟ ನೀರಿಗೆ ಹಾಕಿ ಲೋಳೆಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು. ಒಂದೇ ದಿನಕ್ಕೆ ಫಲ ನಿರೀಕ್ಷೆ ಮಾಡಬೇಡಿ, ನನಗೆ ಮೂರನೇ ದಿನ ಗೊತ್ತಾಯಿತು. ಐರನ್ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಟಾಯ್ಲೆಟ್‌ನಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ, ಮೊಬೈಲ್ ಹೊರಗೆ ಇಟ್ಟು ಹೋಗಿ. ಈಗ ನಮ್ಮ ಮನೆಯಲ್ಲಿ ಕಮೋಡ್ ಇದೆ, ಕಾಲ ಕೆಳಗೆ ಬಚ್ಚಲಿನ ಗಿಡ್ಡ ಸ್ಟೂಲ್ ಇಟ್ಟುಕೊಂಡರೆ ಮುಕ್ಕುವುದು ಎಷ್ಟೋ ಕಡಿಮೆಯಾಗುತ್ತದೆ.

ಎಲ್ಲ ರಕ್ತವೂ ಪೈಲ್ಸ್ ಅಲ್ಲ, ಇದನ್ನು ದಯವಿಟ್ಟು ಗಮನದಲ್ಲಿಡಿ. ಮೋಷನ್ ಆಗುವಾಗ ಗಾಜಿನ ಚೂರು ಕೊಯ್ದ ಹಾಗಾದರೆ ಅದು ಫಿಶರ್, ಅಂದರೆ ಆ ಜಾಗದ ಚರ್ಮ ಸೀಳಿರುವುದು, ಇರಬಹುದು, ಅದಕ್ಕೂ ಬೆಚ್ಚಗಿನ ನೀರು ಹಿತ, ಆದರೆ ಔಷಧಿ ಬೇರೆ. ಮಲ ಕಪ್ಪಗಿದ್ದರೆ, ರಕ್ತ ಮಲದೊಳಗೇ ಬೆರೆತಿದ್ದರೆ, ತೂಕ ಇಳಿಯುತ್ತಿದ್ದರೆ, ನಲವತ್ತು ದಾಟಿದ ಮೇಲೆ ಮೊದಲ ಸಲ ರಕ್ತ ಕಂಡರೆ ಯಾವ ಟಬ್ಬನ್ನೂ ಕೊಳ್ಳಬೇಡಿ, ಮೊದಲು ಸರ್ಜನ್ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿ. ಬಸ್ ಸ್ಟ್ಯಾಂಡ್ ಗೋಡೆ ಮೇಲಿನ 'ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ' ಪೋಸ್ಟರ್ ನೋಡಿ ನಮ್ಮ ಸಂಬಂಧಿಕರೊಬ್ಬರು ಹೋಗಿ ಎಂಥದೋ ಇಂಜೆಕ್ಷನ್ ಹಾಕಿಸಿಕೊಂಡರು, ಕೀವಾಗಿ ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದರು. ಒಳಗಿನ ಪೈಲ್ಸ್‌ಗೆ ರಬ್ಬರ್ ಬ್ಯಾಂಡ್ ಹಾಕುವಂಥ ಸಣ್ಣ ಚಿಕಿತ್ಸೆಗಳು ಇವೆ, ಓದಿದ ಡಾಕ್ಟರ್ ಹತ್ತಿರವೇ ಮಾಡಿಸಿಕೊಳ್ಳಿ.

ನನ್ನ ತಂಗಿಗೆ ಈಗ ಏಳನೇ ತಿಂಗಳು. ಅವಳ ಬಾಣಂತನದ ಸಾಮಾನಿನ ಪಟ್ಟಿಯಲ್ಲಿ ಸಾಂಬ್ರಾಣಿ, ಬೆಳ್ಳುಳ್ಳಿ, ಹಳೇ ಸೀರೆಗಳ ಪಕ್ಕ ಅಮ್ಮ ತಾವೇ 'ಕೂರುವ ಟಬ್, ಒಂದು' ಅಂತ ಬರೆದಿದ್ದಾರೆ. ನಾನು ಫೋನ್ ಮಾಡಿ, ಚೇರಿನ ಅಳತೆ ಇನ್ನೊಂದು ಸಲ ತೆಗೆದು ಕಳಿಸಿ ಅಂದಿದ್ದೇನೆ.